ಟ್ರಂಕಿನ ಡಾಂಬರ ಗುಳಿಗೆ ತೆಗೆಯಿರಿ, ಲಾವಂಚದ ನೀರು ಮಾಡಿಕೊಳ್ಳಿ

ಬೀದರ್ ನಗರ, ಭಾಲ್ಕಿ, ಔರಾದಿನ ಅಕ್ಕ-ತಂಗಿಯರಲ್ಲಿ, ವೈನಿಯರಲ್ಲಿ, ಇಸ್ತ್ರಿ ಅಂಗಡಿಯ ಅಣ್ಣಂದಿರಲ್ಲಿ ಕೈಮುಗಿದು ಕೇಳುವುದು ಇಷ್ಟೇ: ಟ್ರಂಕಿನಲ್ಲಿ, ಅಲಮಾರಿಯಲ್ಲಿ ಬಟ್ಟೆಯ ನಡುವೆ ಇಟ್ಟ ಡಾಂಬರ ಗುಳಿಗೆಗಳನ್ನು ತೆಗೆಯಿರಿ. ಬಟ್ಟೆಗೆ ಘಮ ಬೇಕಿದ್ದರೆ ಲಾವಂಚದ ನೀರನ್ನು ಮನೆಯಲ್ಲೇ ಮಾಡಿಕೊಳ್ಳಿ.

ಇದನ್ನು ಬರೆಯಲು ಕಾರಣ ಒಂದು ಕೌದಿ. ತಂಗಿ ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಾಗ ಅವ್ವ ಟ್ರಂಕಿನಿಂದ ಹಳೆಯ ಕೌದಿ, ಕುಂಚಿಗೆ, ಮೆತ್ತಗಾದ ಧೋತರದ ತುಂಡು ತೆಗೆದಳು. ವರ್ಷಗಟ್ಟಲೆ ಮಡಿಕೆ ಬಿಚ್ಚದ ಬಟ್ಟೆ. ಒಳಗಿದ್ದ ಗುಳಿಗೆಗಳು ಸವೆದು ಕಡಲೆಕಾಳಿನಷ್ಟಾಗಿದ್ದವು. ಉಳಿದದ್ದು ಎಲ್ಲಿಗೂ ಹೋಗಿರಲಿಲ್ಲ, ಆವಿಯಾಗಿ ಅದೇ ನೂಲಿನೊಳಗೆ ಕೂತಿತ್ತು. ದವಾಖಾನೆಯಲ್ಲಿ ನರ್ಸಮ್ಮ ಕೌದಿಯನ್ನು ಮೂಸಿ, "ಅವ್ವಾ, ಇದನ್ನ ಕೂಸಿಗಿ ಹೊಚ್ಚಬ್ಯಾಡ್ರಿ" ಎಂದು ಹೊರಗಿಡಿಸಿದಳು. ಅವ್ವನಿಗೆ ಸಿಟ್ಟು. "ನಿಮ್ಮೆಲ್ಲಾರ್ನೂ ಇದರಾಗೇ ಸುತ್ತೀನಿ, ಏನಾಗ್ಯಾದ?"

ನಮಗೇನೂ ಆಗಲಿಲ್ಲ, ನಿಜ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಆಗುತ್ತದೆ. ಗುಳಿಗೆಯಲ್ಲಿರುವುದು ನ್ಯಾಫ್ತಲೀನ್. ಡಾಂಬರಿನಿಂದ ತೆಗೆಯುತ್ತಿದ್ದರೆಂದೇ ಡಾಂಬರ ಗುಳಿಗೆ ಎಂಬ ಹೆಸರು. ಅದರ ಆವಿ ಇಂಥ ಕೂಸಿನ ಮೈ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ಏರುತ್ತದೆ, ಜೋರಾದರೆ ಮೆದುಳಿಗೇ ಪೆಟ್ಟು. ಈ ಕೊರತೆ ಗಂಡುಕೂಸುಗಳಲ್ಲಿ ಹೆಚ್ಚು. ರಕ್ತ ತಪಾಸಣೆ ಮಾಡಿಸದೆ ಯಾವ ಮನೆಗೂ ಇದು ಗೊತ್ತಾಗುವುದಿಲ್ಲ. ಯುರೋಪ್ ಒಕ್ಕೂಟ ಈ ಗುಳಿಗೆಗಳನ್ನು 2008ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಇನ್ನೂ ಕಿರಾಣಿ ಅಂಗಡಿಯಲ್ಲಿ ಚೀಟಿ ಇಲ್ಲದ ಪುಡಿಕೆಯಲ್ಲಿ ಸಿಗುತ್ತವೆ.

ತಮಾಷೆಯೆಂದರೆ, ಕೌದಿಗೆ ಅದರ ಅಗತ್ಯವೇ ಇಲ್ಲ. ಬಟ್ಟೆ ತಿನ್ನುವ ಹುಳಕ್ಕೆ ಬೇಕಾದ್ದು ಉಣ್ಣೆ, ರೇಷ್ಮೆ. ಒಗೆದು ಶುಚಿಯಾಗಿ ಒಣಗಿಸಿದ ಹತ್ತಿ ಬಟ್ಟೆ ಅದಕ್ಕೆ ಊಟವಲ್ಲ. ನಮ್ಮ ಟ್ರಂಕಿನ ನಿಜವಾದ ವೈರಿ ಹಸಿ: ಮಳೆಗಾಲದಲ್ಲಿ ಅರೆಬರೆ ಒಣಗಿದ್ದನ್ನೇ ಮಡಚಿಟ್ಟು, ಮುಗ್ಗಲು ವಾಸನೆ ಬಂತೆಂದು ಗುಳಿಗೆ ಹಾಕುತ್ತೇವೆ.

ಇಸ್ತ್ರಿ ಅಣ್ಣಂದಿರಿಗೂ ಇದರಲ್ಲಿ ಪಾಲಿದೆ. ಮದುವೆಯ ಹಿಂದಿನ ದಿನ ಟ್ರಂಕಿನಿಂದ ನೇರವಾಗಿ ಬಂದ ರೇಷ್ಮೆ ಸೀರೆಯ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ನೂಲಿನಲ್ಲಿದ್ದ ಗುಳಿಗೆಯೆಲ್ಲ ಆವಿಯಾಗಿ ಅವರ ಮೂಗಿಗೇ. ಅಂಥ ಸೀರೆಯನ್ನು ಎರಡು ದಿನ ನೆರಳಲ್ಲಿ ಗಾಳಿಗೆ ಹಾಕಿಯೇ ಕೊಡಿ.

ಇನ್ನು ನೀರು. ಜಡಿಬೂಟಿ ಅಂಗಡಿಯಲ್ಲಿ ಲಾವಂಚ ಎನ್ನಿ, ಖಸ್ ಎನ್ನಿ, ವಾಳಾ ಎನ್ನಿ, ಕೊಡುತ್ತಾರೆ. ಕೂಲರಿಗೆ ಹಾಕುವ ಕಟ್ಟಿಗೆಯ ಹುಲ್ಲು ಬೇರೆ, ಅದು ಬೇಡ. ಇಪ್ಪತ್ತು ಗ್ರಾಂ ಬೇರನ್ನು ಮಣ್ಣು ಹೋಗುವವರೆಗೆ ಮೂರು ನಾಲ್ಕು ಸಲ ತೊಳೆದು, ಕುದಿಸಿ ಇಳಿಸಿದ ಒಂದು ಲೀಟರ್ ನೀರಿಗೆ ಹಾಕಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಎರಡು ಪದರ ಧೋತರದಲ್ಲಿ ಸೋಸಿ. ನೀರು ಮಾತ್ರ ಫಿಲ್ಟರಿನದೋ ಮಳೆಯದೋ ಇರಲಿ. ಬೋರಿನ ಸವುಳು ನೀರು ಚಿಮುಕಿಸಿ ಇಸ್ತ್ರಿ ಒತ್ತಿದರೆ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಕಲೆ ಕೂರುತ್ತದೆ. ಅತ್ತರಿನ ಘಾಟು ನಿರೀಕ್ಷಿಸಬೇಡಿ. ಮಳೆ ಬಿದ್ದ ಎರೆಹೊಲದ ವಾಸನೆ, ಅದೂ ಮೆಲ್ಲಗೆ. ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ, ಹೊರಗಿಟ್ಟರೆ ಎರಡೇ ದಿನ. ಹುಳಿ ವಾಸನೆ ಬಂದರೆ ಚೆಲ್ಲಿ.

ಈ ನೀರಿಗೆ ತುಸು ಹಳದಿ ಬಣ್ಣವಿದೆ. ಬಿಳಿ ಅಂಗಿಗೆ, ನೆಹರೂ ಶರ್ಟಿಗೆ ಇದು ಬೇಡ, ಬಟ್ಟಿ ಇಳಿಸಿದ ಗುಲಾಬ್ ಜಲವನ್ನು ನಾಲ್ಕು ಪಾಲು ನೀರಿಗೆ ಬೆರೆಸಿ. ಗುಲಾಬದಾನಿಯನ್ನು ಬಿದರಿಯಲ್ಲಿ ಕೆತ್ತಿದ ಊರು ನಮ್ಮದು; ಘಮವೆಂದರೇನೆಂದು ಪ್ಲಾಸ್ಟಿಕ್ ಸ್ಪ್ರೇ ಡಬ್ಬಿ ನಮಗೆ ಕಲಿಸಬೇಕಿಲ್ಲ. ಅತ್ತರನ್ನು ನೀರಿಗೆ ಹನಿಸಬೇಡಿ, ಎಣ್ಣೆಯಂತೆ ತೇಲಿ ಕಲೆ ಮಾಡುತ್ತದೆ. ಸ್ಪಿರಿಟ್ ಬೆರೆಸುವ ಉಪಾಯವನ್ನು ಇದ್ದಿಲ ಇಸ್ತ್ರಿಯ ಹತ್ತಿರ ತರಲೇಬೇಡಿ, ಬೆಂಕಿ ಹತ್ತುತ್ತದೆ. ಸ್ಟೀಮ್ ಇಸ್ತ್ರಿಯ ತೊಟ್ಟಿಗೂ ಲಾವಂಚದ ನೀರನ್ನು ಹಾಕಬೇಡಿ, ತೂತು ಕಟ್ಟಿಕೊಳ್ಳುತ್ತವೆ. ಕೈಯಿಂದ ಚಿಮುಕಿಸಿ, ಇಸ್ತ್ರಿಯಾದ ಮೇಲೆ ಒಂದು ತಾಸು ಹರವಿಟ್ಟು ಆಮೇಲೆ ಮಡಚಿ. ಸೋಸಿದ ಬೇರನ್ನು ಒಣಗಿಸಿ ಇನ್ನೊಂದು ಸಲ ನೆನೆಸಬಹುದು. ಆಮೇಲೆ ಚೀಲದಲ್ಲಿ ಕಟ್ಟಿ ಟ್ರಂಕಿಗೆ.

ಹಸುಗೂಸಿನ ಬಟ್ಟೆಗೆ ಮಾತ್ರ ಯಾವ ಘಮವೂ ಬೇಡ, ಲಾವಂಚವೂ ಬೇಡ, ಕರ್ಪೂರವಂತೂ ಬೇಡವೇ ಬೇಡ. ಗುಳಿಗೆಯ ಜೊತೆ ಇದ್ದ ಕುಂಚಿಗೆಯನ್ನು ಒಗೆದು ಬಿಸಿಲಿಗೆ ಹಾಕಿ. ಮತ್ತೆ ಮೂಸಿದಾಗಲೂ ವಾಸನೆ ಬಂದರೆ ಅದನ್ನು ಕೂಸಿಗೆ ಹಾಕಬೇಡಿ. ಕೂಸಿನ ಕಣ್ಣು, ಮೈ ಹಳದಿಯಾದರೆ ಅಥವಾ ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ, ಮನೆಯಲ್ಲಿ ಗುಳಿಗೆ ಇತ್ತೆಂಬುದನ್ನು ಡಾಕ್ಟರಿಗೆ ಹೇಳಿ. ಆಶಾ ಅಕ್ಕಂದಿರು ಬಾಣಂತಿಯ ಮನೆಗೆ ಹೋದಾಗ ಒಂದು ಸಲ ಹಾಸಿಗೆಯನ್ನೂ ಮೂಸಿ ನೋಡಲಿ.

ತೆಗೆದ ಗುಳಿಗೆಗಳನ್ನು ಸುಡಬೇಡಿ, ಮೋರಿಗೆ ಎಸೆಯಬೇಡಿ. ಬಿಳಿ ಪೆಪ್ಪರಮಿಂಟೆಂದು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಅವುಗಳ ಕೈಗೆ ಎಟುಕದಂತೆ ಇಟ್ಟು, ಕಸದ ಗಾಡಿ ಬಂದಾಗ ಬೇರೆಯಾಗಿ, ಹೇಳಿ ಕೊಡಿ.