ಹಸುವಿನ ಬಾಯಿಗೆ ಕೈ ಹಾಕುವ ಮುನ್ನ

ಹಸು, ಎಮ್ಮೆಗಳ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಹಾಗಾಗಿ ಅವು ನಾಯಿಯಂತೆ ಚರ್ಮ ಸೀಳಿ ಕಚ್ಚುವುದು ಅಪರೂಪ. ಒಳಗಿನ ದವಡೆ ಹಲ್ಲುಗಳ ನಡುವೆ ಸಿಕ್ಕಿದ ಬೆರಳು ಮಾತ್ರ ಜಜ್ಜಿಹೋಗುತ್ತದೆ. ಕುದುರೆ ಕಚ್ಚಿದರೆ ಮಾಂಸಖಂಡ ಕಂದುಗಟ್ಟುತ್ತದೆ. ಹಂದಿಯ ಕಡಿತ ಆಳಕ್ಕಿಳಿದು ಬೇಗ ಕೀವಾಗುತ್ತದೆ. ಆದರೆ ಕೊಟ್ಟಿಗೆಯಲ್ಲಿ ಜೀವಕ್ಕೆ ಎರವಾಗುವುದು ಹಲ್ಲಿಗಿಂತ ಹೆಚ್ಚಾಗಿ ಜೊಲ್ಲು.

ರೇಬಿಸ್ ತಗುಲಿದ ಹಸು ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಒಡೆದ ದನಿಯಲ್ಲಿ ಮತ್ತೆ ಮತ್ತೆ ಕೂಗುತ್ತದೆ, ಹಿಂಗಾಲು ಎಳೆಯುತ್ತದೆ. ಗಂಟಲಿನ ಸ್ನಾಯುಗಳು ಸೋತು ನೀರೂ ಇಳಿಯದಾಗುತ್ತದೆ. ನೋಡಿದವರಿಗೆ ಅನಿಸುವುದೇ ಬೇರೆ: ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ. ಒಬ್ಬರು ನಾಲಿಗೆ ಹಿಡಿದೆಳೆಯುತ್ತಾರೆ, ಇನ್ನೊಬ್ಬರು ಮೊಣಕೈವರೆಗೆ ಕೈ ತೂರಿಸಿ ತಡಕುತ್ತಾರೆ, ಮತ್ತೊಬ್ಬರು ಗೊಟ್ಟದಲ್ಲಿ ಔಷಧಿ ಕುಡಿಸಲು ನೋಡುತ್ತಾರೆ. ಹುಲ್ಲು ಕೊಯ್ದ ಕೈಯಲ್ಲಿ ತರಚು ಗಾಯ ಇದ್ದೇ ಇರುತ್ತದೆ. ವೈರಾಣುವಿಗೆ ಅಷ್ಟು ದಾರಿ ಸಾಕು. ಕಚ್ಚಿಸಿಕೊಂಡಿಲ್ಲವಾದ್ದರಿಂದ ಆಸ್ಪತ್ರೆಗೆ ಹೋಗಬೇಕೆಂದು ಇವರಲ್ಲಿ ಯಾರಿಗೂ ತೋಚುವುದಿಲ್ಲ.

ಕಚ್ಚಿದ ಗಾಯಕ್ಕೂ ಜೊಲ್ಲು ತಾಗಿದ ಗಾಯಕ್ಕೂ ಮೊದಲ ಚಿಕಿತ್ಸೆ ಒಂದೇ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ನಂತರ ಪೊವಿಡೋನ್ ಅಯೋಡಿನ್ ಹಚ್ಚಬೇಕು. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬಾರದು. ಸಾಧ್ಯವಾದಷ್ಟೂ ಹೊಲಿಗೆ ಹಾಕದೆ ಬಿಡುವುದು ಲೇಸು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ, ಆ್ಯಂಟಿಬಯೋಟಿಕ್ ಬೇಕೇ ಎಂಬುದನ್ನು ವೈದ್ಯರು ಗಾಯ ನೋಡಿ ತೀರ್ಮಾನಿಸುತ್ತಾರೆ.

ರೇಬಿಸ್ ಶಂಕೆ ಇರುವ ಪ್ರಾಣಿಯ ಜೊಲ್ಲು ಗಾಯವಿಲ್ಲದ ಚರ್ಮಕ್ಕೆ ತಾಗಿದರೆ ತೊಳೆದರೆ ಸಾಕು. ರಕ್ತ ಬಾರದ ತರಚಿಗೆ ಲಸಿಕೆ ಬೇಕು. ರಕ್ತ ಬಂದ ಕಡಿತ, ಜೊಲ್ಲು ತಾಗಿದ ತೆರೆದ ಗಾಯ, ಕಣ್ಣು–ಬಾಯಿಗೆ ಸಿಡಿದ ಜೊಲ್ಲು ಇವು ಅತಿ ಹೆಚ್ಚು ಅಪಾಯದ ಮೂರನೇ ವರ್ಗಕ್ಕೆ ಸೇರುತ್ತವೆ. ಇಲ್ಲಿ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಗಾಯವಿದ್ದರೆ ಅದರೊಳಗೂ ಸುತ್ತಲೂ ಅದನ್ನು ಚುಚ್ಚಬೇಕು. ಚರ್ಮದಲ್ಲಿ ಕೊಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನ, ಸ್ನಾಯುವಿಗೆ ಕೊಡುವುದನ್ನು 0, 3, 7, 14 ಮತ್ತು 28ನೇ ದಿನ ಹಾಕಲಾಗುತ್ತದೆ. ಕಚ್ಚಿದ ಪ್ರಾಣಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡುವ ನಿಯಮ ನಾಯಿ, ಬೆಕ್ಕುಗಳಿಗೆ ಮಾತ್ರ. ಅದನ್ನು ಹಸುವಿಗೆ ಅನ್ವಯಿಸಿ ಕಾಯುತ್ತ ಕೂರುವಂತಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆಂಬಷ್ಟು ವಿರಳ.

ಹಸುವಿಗೆ ಈ ರೋಗ ಹೆಚ್ಚಾಗಿ ಬರುವುದು ನಾಯಿಯಿಂದ. ಆದ್ದರಿಂದ ಕೊಟ್ಟಿಗೆಯ ರಕ್ಷಣೆ ಶುರುವಾಗಬೇಕಾದದ್ದು ಬೀದಿಯಲ್ಲಿ. ಗೋವಾದಲ್ಲಿ ರಾಜ್ಯ ಸರ್ಕಾರವೂ ಮಿಷನ್ ರೇಬಿಸ್ ಸಂಸ್ಥೆಯೂ ಸೇರಿ ಮಾಡಿದ್ದು ಇದನ್ನೇ. 2013ರ ಸೆಪ್ಟೆಂಬರ್‌ನಿಂದ 2019ರ ಡಿಸೆಂಬರ್‌ವರೆಗೆ ಅಲ್ಲಿ ನಾಯಿಗಳಿಗೆ ಲಕ್ಷಾಂತರ ಬಾರಿ ಲಸಿಕೆ ಹಾಕಲಾಯಿತು. ಬೀದಿನಾಯಿಗಳನ್ನು ಬಲೆ ಬೀಸಿ ಹಿಡಿದು, ಸ್ಥಳದಲ್ಲೇ ಚುಚ್ಚಿ, ಬಣ್ಣದ ಗುರುತು ಹಾಕಿ ಬಿಟ್ಟರು. ಶಾಲೆಗಳಲ್ಲಿ ಪಾಠ, ಶಂಕಿತ ಪ್ರಾಣಿಗಳ ತಪಾಸಣೆ ಜೊತೆಜೊತೆಗೆ ನಡೆದವು. ನಾಯಿಗಳಲ್ಲಿ ತಿಂಗಳ ರೇಬಿಸ್ ಪ್ರಕರಣಗಳು ಶೇ 92ರಷ್ಟು ಇಳಿದವು. 2021ರಲ್ಲಿ ಗೋವಾ ‘ರೇಬಿಸ್ ನಿಯಂತ್ರಿತ ಪ್ರದೇಶ’ ಎಂದು ಘೋಷಣೆಯಾಯಿತು.

ಆದರೆ ಉತ್ತರ ಕನ್ನಡ, ಬೆಳಗಾವಿ, ಸಿಂಧುದುರ್ಗದ ಕಡೆಯಿಂದ ಬರುವ ನಾಯಿಗೆ ಚೆಕ್‌ಪೋಸ್ಟ್ ಇಲ್ಲ. ವರ್ಷವರ್ಷವೂ ಹುಟ್ಟುವ ಮರಿಗಳಿಗೆ ಲಸಿಕೆ ಬಿದ್ದಿರುವುದಿಲ್ಲ. ಸುಮಾರು ಶೇ 70ರಷ್ಟು ನಾಯಿಗಳಿಗೆ ಲಸಿಕೆ ತಲುಪುವಂತೆ ಪ್ರತಿವರ್ಷವೂ ನೋಡಿಕೊಳ್ಳದಿದ್ದರೆ ಗಳಿಸಿದ್ದು ಕರಗುತ್ತದೆ. ಗಡಿಯಾಚೆಯ ಕರ್ನಾಟಕದ ತಾಲ್ಲೂಕುಗಳಲ್ಲಿ ಇದೇ ಕೆಲಸ ನಡೆದರೆ ಎರಡೂ ಕಡೆಯ ದನಗಳಿಗೆ ಲಾಭ.

ಉಳಿದದ್ದು ಕೊಟ್ಟಿಗೆಯೊಳಗಿನ ಶಿಸ್ತು. ಮೇವು ಬಿಟ್ಟು ಜೊಲ್ಲು ಸುರಿಸುವ ದನವನ್ನು ಬೇರೆ ಕಟ್ಟಿ, ಪಶುವೈದ್ಯರು ಬರುವವರೆಗೆ ಅದರ ಬಾಯಿ ಮುಟ್ಟಬಾರದು. ಪಶುವೈದ್ಯರೂ ಸಹಾಯಕರೂ ಮುಂಚಿತವಾಗಿಯೇ ಲಸಿಕೆ ಪಡೆದಿರಬೇಕು, ಪರೀಕ್ಷಿಸುವಾಗ ಕೈಗವಸು ತೊಟ್ಟಿರಬೇಕು. ನಾಯಿ ಕಚ್ಚಿದ ದನದ ಗಾಯವನ್ನೂ ಕೈಗವಸು ತೊಟ್ಟು ಸೋಪಿನಿಂದ ತೊಳೆದು, ಅದಕ್ಕೆ ಪೂರ್ತಿ ಲಸಿಕೆ ಕೊಡಿಸಬೇಕು. ಶಂಕಿತ ಹಸುವಿನ ಹಾಲನ್ನು ಬಳಸಬಾರದು. ಈಗಾಗಲೇ ಕಾಯಿಸಿ ಕುಡಿದವರು ಹೆದರಬೇಕಿಲ್ಲ. ಹಸು ಸತ್ತರೆ ಮಿದುಳಿನ ಮಾದರಿಯನ್ನು ಪರೀಕ್ಷೆಗೆ ಕಳಿಸಬೇಕು, ಬಾಯಿಗೆ ಕೈ ಹಾಕಿದವರೆಲ್ಲರ ಪಟ್ಟಿ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಲುಪಬೇಕು. ಫಲಿತಾಂಶ ಬರುವವರೆಗೆ ಅವರ ಲಸಿಕೆ ಕಾಯಬಾರದು.