ಕೆಡದ ಈರುಳ್ಳಿಯ ವಂಶ

ಬೇಸಗೆಯಲ್ಲಿ ಅಗ್ಗವೆಂದು ಕೊಂಡಿಟ್ಟ ಈರುಳ್ಳಿಯ ಮೂಟೆಯನ್ನು ಶ್ರಾವಣದಲ್ಲಿ ಬಿಚ್ಚಿದ ಗೃಹಿಣಿಗೆ ಮೂರು ಬಗೆಯ ಗೆಡ್ಡೆಗಳು ಕಾಣಸಿಗುತ್ತವೆ. ಕೆಲವು ಕೊಳೆತಿರುತ್ತವೆ, ಕೆಲವು ಮೊಳಕೆಯೊಡೆದು ಮೆತ್ತಗಾಗಿರುತ್ತವೆ, ಉಳಿದವು ತಂದ ದಿನದಂತೆಯೇ ಗಟ್ಟಿಯಾಗಿರುತ್ತವೆ. ಇದ್ದುದು ಒಂದೇ ಮೂಟೆಯಲ್ಲಿ, ಒಂದೇ ಮೂಲೆಯಲ್ಲಿ. ಆದರೂ ಈ ಭೇದವೇಕೆ?

ಅರ್ಧ ಉತ್ತರವು ಕೊಯ್ಲಿನ ಮೇಲಣ ಆರೈಕೆಯಲ್ಲಿದೆ. ಕಿತ್ತ ಈರುಳ್ಳಿಯನ್ನು ಎಲೆಸಮೇತ ಹೊಲದಲ್ಲಿಯೇ ಮೂರು ನಾಲ್ಕು ದಿನ ಹರಡುತ್ತಾರೆ. ಒಂದು ಸಾಲಿನ ಎಲೆಯು ಮತ್ತೊಂದು ಸಾಲಿನ ಗೆಡ್ಡೆಗೆ ನೆರಳಾಗುವಂತೆ ಜೋಡಿಸುವುದು ಕ್ರಮ. ಅನಂತರ ಎರಡು ಸೆಂಟಿಮೀಟರಿನಷ್ಟು ಕತ್ತನ್ನು ಉಳಿಸಿ ಎಲೆಯನ್ನು ಕೊಯ್ದು, 7ರಿಂದ 10 ದಿನ ನೆರಳಿನಲ್ಲಿ ಒಣಗಿಸುತ್ತಾರೆ. ಕತ್ತು ಒಣಗಿ ಮುಚ್ಚಿಕೊಂಡರೆ ಕೊಳೆರೋಗದ ದಾರಿ ಮುಚ್ಚಿದಂತೆ.

ಉಳಿದರ್ಧ ಬೀಜದಲ್ಲಿದೆ. ಕತ್ತು ದಪ್ಪವಾಗಿ ನೀರಿನಂಶ ತುಂಬಿದ ಜಾತಿಯು ಎಷ್ಟು ಒಣಗಿಸಿದರೂ ಬಹುಕಾಲ ನಿಲ್ಲದು. ಸಣ್ಣ ಕತ್ತು, ಬಿಗಿಯಾದ ಸಿಪ್ಪೆ, ಹೆಚ್ಚಿನ ಘನಾಂಶ ಇವು ಬಾಳುವ ಜಾತಿಯ ಲಕ್ಷಣಗಳು. ಸಿಪ್ಪೆಯ ಬಣ್ಣವೂ ಬರಿಯ ಅಲಂಕಾರವಲ್ಲ. ಬಣ್ಣದ ಈರುಳ್ಳಿಯ ಒಣಸಿಪ್ಪೆಯಲ್ಲಿರುವ ಕ್ಯಾಟೆಕಾಲ್ ಎಂಬ ದ್ರವ್ಯವು ಒಂದು ಬಗೆಯ ಬೂಷ್ಟನ್ನು ತಡೆಯುತ್ತದೆಂದು ಅಮೆರಿಕದ ವಿಜ್ಞಾನಿಗಳಾದ ಲಿಂಕ್ ಮತ್ತು ವಾಕರ್ 1933ರಲ್ಲಿ ತೋರಿಸಿದರು.

ಆದರೆ ಬಾಳಿಕೆಯನ್ನು ಹೊಲದಲ್ಲಿ ನಿಂತು ಕಣ್ಣಿನಿಂದ ಅಳೆಯಲಾಗದು, ಕಾಯಬೇಕು. ಈರುಳ್ಳಿಯು ಮೊದಲು ಗೆಡ್ಡೆ ಕಟ್ಟಿ, ಆ ಗೆಡ್ಡೆಯನ್ನು ಮತ್ತೆ ನೆಟ್ಟಾಗಲೇ ಹೂಬಿಟ್ಟು ಬೀಜ ಕೊಡುವ ಸಸ್ಯ. ಈ ನಡುವಣ ಅವಧಿಯೇ ಪರೀಕ್ಷೆಯ ಕಾಲ. ಏಪ್ರಿಲ್ ತಿಂಗಳಲ್ಲಿ ಕಿತ್ತ ಗೆಡ್ಡೆಗಳನ್ನು ತಳಿತಜ್ಞರು ಅಕ್ಟೋಬರ್‌ವರೆಗೆ ಇಟ್ಟು, ಕೊಳೆತುದನ್ನೂ ಮೊಳೆತುದನ್ನೂ ತೆಗೆದುಹಾಕುತ್ತಾರೆ. ಉಳಿದವನ್ನು ಬೇರೆ ಈರುಳ್ಳಿಯಿಂದ ದೂರದಲ್ಲಿ ನೆಡುತ್ತಾರೆ. ಇಲ್ಲವಾದರೆ ಜೇನುನೊಣಗಳು ಪರಾಗವನ್ನು ಬೆರಸಿಬಿಡುತ್ತವೆ. ಬೀಜ ಕೈಸೇರುವುದು ಮರುಬೇಸಗೆಗೆ. ಬಿತ್ತನೆಯಿಂದ ಬೀಜದವರೆಗೆ ಒಂದು ಸುತ್ತಿಗೆ ಸುಮಾರು ಒಂದೂವರೆ ವರ್ಷ. ಇಂಥ ಸುತ್ತುಗಳು ಹಲವು ಬೇಕು.

ಇಂಥ ತಾಳ್ಮೆಯ ಫಲವಾಗಿ ನಾಸಿಕ ಜಿಲ್ಲೆಯಲ್ಲಿ ಎನ್-2-4-1 ಎಂಬ ತಳಿಯೂ, ಬೆಂಗಳೂರಿನ ಬಳಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅರ್ಕಾ ನಿಕೇತನವೂ ಸಿದ್ಧವಾದುವು. ಅರ್ಕಾ ನಿಕೇತನವನ್ನು ಶೀತಗೃಹದ ಹಂಗಿಲ್ಲದೆ 5 ತಿಂಗಳವರೆಗೆ ಇಡಬಹುದು.

ಇವೆರಡೂ ಹಿಂಗಾರಿಗೆ ಒಪ್ಪುವ ತಳಿಗಳು. ಚಿತ್ರದುರ್ಗ, ಗದಗ ಸೀಮೆಯ ರೈತರದಾದರೋ ಹೆಚ್ಚಾಗಿ ಮುಂಗಾರಿನ ಬೆಳೆ. ಕೀಳುವ ಹೊತ್ತಿಗೆ ಮಳೆ ಬಂದರೆ ಕತ್ತು ಒಣಗದು. ಗೆಡ್ಡೆಯಲ್ಲಿ ನೀರಿನಂಶವೂ ಹೆಚ್ಚು. ಇಟ್ಟರೆ ಕೊಳೆಯುವ ಭಯ. ಆದುದರಿಂದ ಎಲ್ಲರೂ ಒಮ್ಮೆಗೇ ಪೇಟೆಗೆ ಹೊರಡುತ್ತಾರೆ, ಬೆಲೆ ಕುಸಿಯುತ್ತದೆ. ಅದೇ ಗೃಹಿಣಿಯು ಕೆಲವು ತಿಂಗಳ ಅನಂತರ ದುಬಾರಿಯೆಂದು ನಿಟ್ಟುಸಿರಿಡುತ್ತಾಳೆ. ಮುಂಗಾರಿನಲ್ಲಿ ಬೆಳೆದೂ ತಿಂಗಳುಗಟ್ಟಲೆ ಕೆಡದಿರುವ ಈರುಳ್ಳಿ ಕೈಗೆ ಬಂದರೆ ರೈತನು ಬೆಲೆಗಾಗಿ ನಾಲ್ಕು ದಿನ ಕಾಯಬಲ್ಲನು. ಅಂಥ ತಳಿಗಾಗಿ ದುಡಿಯುವವರ ಕೆಲಸ ಮಾತ್ರ ಅವಸರದಿಂದ ಆಗುವಂಥದಲ್ಲ.