ಅರ್ಧ ದಂಡದ ರಿಯಾಯಿತಿ ಮತ್ತು ಆಲಿಸದ ತಕರಾರು

ಸಂಚಾರ ನಿಯಮ ಉಲ್ಲಂಘನೆಯ ಬಾಕಿ ದಂಡದ ಮೇಲೆ ರಾಜ್ಯ ಸರಕಾರವು 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಶೇ. 50ರ ರಿಯಾಯಿತಿ ನೀಡಿತು. ಬೆಂಗಳೂರು ನಗರವೊಂದರಲ್ಲೇ 100 ಕೋಟಿ ರೂ.ಗಳಿಗೂ ಹೆಚ್ಚು ಹಣ ಸಂಗ್ರಹವಾಯಿತು. ಬೊಕ್ಕಸದ ದೃಷ್ಟಿಯಿಂದ ಇದು ಯಶಸ್ಸೇ. ಆದರೆ ಇಷ್ಟೊಂದು ಮಂದಿ ದಂಡವನ್ನು ಕಟ್ಟದೆಯೂ ಪ್ರಶ್ನಿಸದೆಯೂ ವರ್ಷಗಟ್ಟಲೆ ಸುಮ್ಮನಿದ್ದದ್ದೇಕೆ?

ಈ ರಿಯಾಯಿತಿ ಹೊಸತೇನಲ್ಲ. 2023ರಲ್ಲೇ ಫೆಬ್ರವರಿ, ಮಾರ್ಚ್ ಮತ್ತು ಜುಲೈ ತಿಂಗಳಲ್ಲಿ ಹೀಗೆ ಮೂರು ಬಾರಿ ಅವಕಾಶ ಕೊಡಲಾಗಿತ್ತು. ನೋಟಿಸ್ ಬಂದ ಕೂಡಲೇ ಪೂರ್ತಿ ದಂಡ ಕಟ್ಟಿದವರು ಪೆಚ್ಚಾದರು. ಕಾದು ಕುಳಿತವರಿಗೆ ಅರ್ಧ ಹಣ ಉಳಿಯಿತು. ಕಾಯುವುದೇ ಜಾಣತನವೆಂಬ ಪಾಠವನ್ನು ಸರಕಾರವೇ ಕಲಿಸಿದಂತಾಯಿತು.

ಎಲ್ಲ ಉಲ್ಲಂಘನೆಗಳ ಪೈಕಿ ನಿಲುಗಡೆಯ ದಂಡದಲ್ಲಿ ಈ ಸಮಸ್ಯೆ ಇನ್ನಷ್ಟು ಜಟಿಲ. ಹೆಲ್ಮೆಟ್ ಇಲ್ಲದ ಸವಾರನನ್ನು ಪೊಲೀಸರು ತಡೆದು ನಿಲ್ಲಿಸಿದರೆ ಆತ ಅಲ್ಲೇ ತನ್ನ ಮಾತು ಹೇಳಬಲ್ಲ. ನಿಂತ ವಾಹನಕ್ಕೆ ಬಾಯಿಲ್ಲ, ಮಾಲೀಕನೂ ಸ್ಥಳದಲ್ಲಿಲ್ಲ. ನಿಷೇಧದ ಫಲಕ ಮರದ ಕೊಂಬೆಯ ಹಿಂದೆ ಮರೆಯಾಗಿರಬಹುದು, ಬಣ್ಣ ಮಾಸಿರಬಹುದು. ದಿನ ಬಿಟ್ಟು ದಿನ ನಿಲುಗಡೆಯ ರಸ್ತೆಗಳಲ್ಲಂತೂ ಇಂದು ಯಾವ ಬದಿಯ ಸರದಿ ಎಂಬುದೇ ಗೊಂದಲ. ನೋಂದಣಿ ಸಂಖ್ಯೆಯನ್ನು ತಪ್ಪಾಗಿ ಓದಿದ್ದರೆ, ಇನ್ನಾರದೋ ತಪ್ಪಿಗೆ ಮತ್ತಾರಿಗೋ ದಂಡ.

2022ರ ಬೆಳವಣಿಗೆಗಳು ಇಲ್ಲಿ ನೆನಪಾಗುತ್ತವೆ. ಖಾಸಗಿ ಗುತ್ತಿಗೆದಾರರ ಟೋಯಿಂಗ್ ವಾಹನಗಳ ವಿರುದ್ಧ ಆಕ್ರೋಶ ಹೆಚ್ಚಿದಾಗ, ಆ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಟೋಯಿಂಗ್ ಸ್ಥಗಿತಗೊಂಡಿತು. ನಿಲುಗಡೆ ನಿಷೇಧವಿದ್ದಲ್ಲಿ ಬಿಟ್ಟುಹೋದ ವಾಹನವನ್ನು ಎತ್ತಿಸಲು ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರ ನೀಡಿದೆ, ವೆಚ್ಚವೂ ಮಾಲೀಕನದೇ. ಜನರ ಸಿಟ್ಟಿದ್ದದ್ದು ಈ ಅಧಿಕಾರದ ಮೇಲಲ್ಲ, ಅದನ್ನು ಚಲಾಯಿಸಿದ ರೀತಿಯ ಮೇಲೆ.

ದಂಡ ಕಟ್ಟುವುದು ಈಗ ಬಹಳ ಸುಲಭ. ರಾಜ್ಯ ಪೊಲೀಸರ ಆ್ಯಪ್, ಬೆಂಗಳೂರು ಸಂಚಾರ ಪೊಲೀಸರ 'ಅಸ್ತ್ರಂ' ಆ್ಯಪ್, ಕರ್ನಾಟಕ ಒನ್ ಹಾಗೂ ಬೆಂಗಳೂರು ಒನ್ ಕೇಂದ್ರಗಳು, ಸಮೀಪದ ಸಂಚಾರ ಠಾಣೆ ಹೀಗೆ ಹಲವು ದಾರಿಗಳಿವೆ. ಆದರೆ ಕಟ್ಟುವ ಮುನ್ನ ಒಂದು ಸಂಗತಿ ತಿಳಿದಿರಬೇಕು. ಕಾಯ್ದೆಯ 200ನೇ ಕಲಂ ಪ್ರಕಾರ ಹೀಗೆ ಹಣ ಕಟ್ಟುವುದೆಂದರೆ ರಾಜಿ ಮಾಡಿಕೊಂಡಂತೆ. ಪ್ರಕರಣ ಅಲ್ಲಿಗೆ ಮುಕ್ತಾಯ. ಆದ್ದರಿಂದ ತಕರಾರು ಇದ್ದವರು ಮೊದಲು ನೋಟಿಸಿನ ಚಿತ್ರ, ಸ್ಥಳ, ದಿನಾಂಕ, ಸಮಯಗಳನ್ನು ಪರಿಶೀಲಿಸುವುದು ಒಳಿತು. ಫಲಕ ಇಲ್ಲದ ಜಾಗವಾದರೆ ಅದರ ಛಾಯಾಚಿತ್ರ ತೆಗೆದಿಟ್ಟುಕೊಂಡು ಸಂಚಾರ ಪೊಲೀಸರಿಗೆ ಲಿಖಿತ ದೂರು ಸಲ್ಲಿಸಬಹುದು. ಅಲ್ಲಿ ಪರಿಹಾರ ದೊರೆಯದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು ಇದ್ದೇ ಇದೆ. ವಾಹನ ಮಾರಿದವರು 50ನೇ ಕಲಂ ಅನ್ವಯ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದನ್ನು ಮರೆತರೆ ಹೊಸ ಮಾಲೀಕನ ದಂಡ ಹಳೆಯ ಮಾಲೀಕನ ಮನೆ ಬಾಗಿಲಿಗೇ ಬರುತ್ತದೆ.

ಹಕ್ಕು ಇದೆ ನಿಜ. ಆದರೆ ಕೆಲವು ನೂರು ರೂಪಾಯಿಗಾಗಿ ಒಂದು ದಿನದ ಕೂಲಿ, ರಜೆ ಕಳೆದುಕೊಂಡು ನ್ಯಾಯಾಲಯಕ್ಕೆ ಅಲೆಯುವವರು ಎಷ್ಟು ಮಂದಿ? ತಪ್ಪು ಮಾಡದವನೂ ರಿಯಾಯಿತಿ ಬಂದಾಗ ಅರ್ಧ ಹಣ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ತಪ್ಪಿತಸ್ಥನಿಗೆ ಇದು ಉಡುಗೊರೆ, ನಿರಪರಾಧಿಗೆ ಅರ್ಧ ಶಿಕ್ಷೆ. ನ್ಯಾಯದ ದೃಷ್ಟಿಯಿಂದ ಎರಡೂ ಸಲ್ಲದು.

ಹಾಗೆಂದು ದಂಡವೇ ಬೇಡ ಎನ್ನಲಾಗದು. ರಾಜಧಾನಿಯ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಪಾದಚಾರಿ ಮಾರ್ಗದ ಮೇಲೆ ನಿಂತ ಒಂದು ಕಾರು ವೃದ್ಧರನ್ನೂ ಶಾಲಾ ಮಕ್ಕಳನ್ನೂ ನಡುರಸ್ತೆಗೆ ಇಳಿಸುತ್ತದೆ. ಮನೆ ಕಟ್ಟುವಾಗ ನಿಲುಗಡೆಗೆ ಜಾಗ ಬಿಡದೆ ರಸ್ತೆಯನ್ನೇ ಸ್ವಂತ ಶೆಡ್ಡು ಎಂದುಕೊಂಡ ನಾಗರಿಕರ ಪಾಲೂ ಈ ಅವ್ಯವಸ್ಥೆಯಲ್ಲಿದೆ.

ಬೇಕಿರುವುದು ನಿಖರತೆ ಮತ್ತು ವೇಗ. ನೋಟಿಸನ್ನು ಹದಿನೈದು ದಿನಗಳೊಳಗೆ ತಲುಪಿಸಬೇಕೆಂದು ಕೇಂದ್ರ ಸರಕಾರ 2021ರಲ್ಲೇ ನಿಯಮ ರೂಪಿಸಿತ್ತು. ಅದರ ಹಿಂದಿನ ತತ್ವ ಸರಳ: ನೆನಪು ಹಸಿಯಾಗಿರುವಾಗಲೇ ತಪ್ಪು ತಿಳಿಯಬೇಕು. ನಿಷೇಧದ ಫಲಕವೂ ಕಾಣುವಂತಹ ಚಿತ್ರ, ತಕರಾರಿಗೆ ನಿಗದಿತ ಅವಧಿಯಲ್ಲಿ ಕಾರಣಸಹಿತ ಉತ್ತರ ಇವಿಷ್ಟನ್ನು ಖಾತ್ರಿಪಡಿಸಿದರೆ ಬಾಕಿ ತಾನಾಗಿಯೇ ಕರಗೀತು. ದಂಡ ಕಟ್ಟಲು ಹತ್ತು ಬಾಗಿಲು ತೆರೆದಿರುವ ಸರಕಾರ, ತಕರಾರು ಆಲಿಸಲು ಒಂದು ಬಾಗಿಲನ್ನಾದರೂ ಅಷ್ಟೇ ಅಗಲವಾಗಿ ತೆರೆಯಲಿ.